ಗುಜರಿಯಿಂದ ಬಂದ ಹಿಂದಿನ ಚೌಕಟ್ಟು

ನಮ್ಮ ಸೀಮೆಯಲ್ಲಿ ಎತ್ತಿನ ಗಾಡಿ ಮುರಿದರೆ ಗಾಡಿಯೇ ಹೋಯಿತೆಂದು ಕೈಚೆಲ್ಲಿ ಕುಳಿತವರನ್ನು ನಾನು ಕಾಣೆ. ಮರದ ಭಾಗ ಒಲೆಗೆ ಹೋದರೂ ಕಬ್ಬಿಣದ ಅಚ್ಚು, ಚಕ್ರದ ಪಟ್ಟಾ, ಕಡಾಣಿ ಇವಿಷ್ಟೂ ಇನ್ನೊಂದು ಗಾಡಿಗೆ ವರ್ಗವಾಗುತ್ತಿದ್ದವು. (ನಮ್ಮ ಇಲಾಖೆಯ ವರ್ಗಾವಣೆಗಿಂತ ಆ ವರ್ಗಾವಣೆಯಲ್ಲಿ ಹೆಚ್ಚು ವಿವೇಕವಿತ್ತು ಎಂದು ಹೇಳಿದರೆ ಹಳೆಯ ಸಹೋದ್ಯೋಗಿಗಳು ನಗಬಹುದು.) ಆದರೆ ಹಳೆಯ ಅಚ್ಚನ್ನು ಹಾಗೆಯೇ ಯಾರೂ ತಂದು ಕೂರಿಸುತ್ತಿರಲಿಲ್ಲ. ಕಮ್ಮಾರ ಅದನ್ನು ಕಲ್ಲಿನ ಮೇಲಿಟ್ಟು ನೂಲು ಹಿಡಿದು ನೋಡುತ್ತಿದ್ದ. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನಾದ ಕೇಳುತ್ತಿದ್ದ. ನಾದ ಒಡೆದಂತೆ ಬಂದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ. ಅಂಥ ಅಚ್ಚು ಕುಡುಗೋಲಿಗೋ ಗುದ್ದಲಿಗೋ ಆಗುತ್ತಿತ್ತೇ ಹೊರತು ಗಾಡಿಗೆ ಏರುತ್ತಿರಲಿಲ್ಲ.

ಈ ಲೇಖನದಲ್ಲಿ ನಾನು ಬರೆಯಹೊರಟಿರುವುದು ಗಾಡಿಯ ವಿಷಯವನ್ನಲ್ಲ, ಸ್ಪೋರ್ಟ್ಸ್ ಕಾರಿನ ವಿಷಯವನ್ನು. ಯಲ್ದೂರಿನಂಥ ಹೋಬಳಿ ಕೇಂದ್ರದಲ್ಲಿ ಮಾವಿನಕಾಯಿ ತುಂಬಿದ ಟೆಂಪೋಗಳನ್ನು ನೋಡುತ್ತ ಬಾಳಿದ ಗಣಿತದ ಮೇಷ್ಟರಿಗೆ ಇದೆಲ್ಲಿಯ ಉಸಾಬರಿ ಎಂದು ನೀವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸ್ವಂತ ಗ್ಯಾರೇಜು ನಡೆಸುತ್ತಿದ್ದಾನೆ. ಕಳೆದ ವರ್ಷ ಅವನಿಗೆ ಬಂದ ಒಂದು ಸಂಕಟವೇ ನನ್ನನ್ನು ಈ ಓದಿಗೆ ಹಚ್ಚಿತು. ಅವನ ಪ್ರಸಂಗಕ್ಕೆ ಆಮೇಲೆ ಬರುತ್ತೇನೆ. ಅದು ಅರ್ಥವಾಗಬೇಕಾದರೆ ಮೊದಲು ವಸ್ತುವಿನ ಪರಿಚಯವಾಗಬೇಕು, ಅನಂತರ ಅದರ ಚರಿತ್ರೆ.

ಲಾರಿಯ ಅಡಿಯಲ್ಲಿ ಬಗ್ಗಿ ನೋಡಿದರೆ ಏಣಿಯಂತೆ ಮಲಗಿರುವ ಎರಡು ಉದ್ದನೆಯ ಉಕ್ಕಿನ ತೊಲೆಗಳು ಕಾಣುತ್ತವೆ. ಅದು ಚಾಸಿಸ್. ಎಂಜಿನ್, ಕಮಾನು ಪಟ್ಟಿ, ಚಕ್ರ ಎಲ್ಲವೂ ಅದಕ್ಕೇ ಅಂಟಿಕೊಂಡಿರುತ್ತವೆ. ಮೇಲಿನ ತೊಟ್ಟಿ ಬರೀ ಕೂತಿರುತ್ತದೆ. ಇಂದಿನ ಬಹುಪಾಲು ಕಾರುಗಳಲ್ಲಿ ಈ ಏಣಿ ಇಲ್ಲ. ತಗಡಿನ ಒಡಲೇ ಮಡಿಕೆ ಮಡಿಕೆಯಾಗಿ ಬೆಸೆದುಕೊಂಡು ಭಾರವನ್ನು ಹೊರುತ್ತದೆ. ನಮಗೆಲ್ಲ ಪರಿಚಿತವಾದ ಅಂಬಾಸಿಡರ್ ಕಾರು ಕೂಡ ಈ ಬಗೆಯದೇ. ಹಾಗಿದ್ದರೂ ಚಕ್ರಗಳ ಏಟನ್ನು ನೇರವಾಗಿ ತೆಳು ತಗಡಿಗೆ ಕೊಟ್ಟರೆ ಅದು ಹರಿಯುತ್ತದೆ, ಸದ್ದು ಮಾಡುತ್ತದೆ. ಆದ್ದರಿಂದ ಅನೇಕ ಕಾರುಗಳಲ್ಲಿ ಹಿಂಬದಿಯ ಚಕ್ರಗಳ ತೋಳುಗಳನ್ನೂ ಡಿಫರೆನ್ಷಿಯಲ್ಲನ್ನೂ ಒಂದು ಪ್ರತ್ಯೇಕ ಉಕ್ಕಿನ ಚೌಕಟ್ಟಿಗೆ ಜೋಡಿಸಿ, ಆ ಚೌಕಟ್ಟನ್ನು ದಪ್ಪ ರಬ್ಬರಿನ ಬುಶ್‌ಗಳ ಮೂಲಕ ಒಡಲಿಗೆ ಬಿಗಿಯುತ್ತಾರೆ. ಇದೇ ಸಬ್‌ಫ್ರೇಮ್. ಹಿಂದಿನ ಎರಡು ಚಕ್ರಗಳು ಯಾವ ದಿಕ್ಕಿಗೆ ಮುಖ ಮಾಡಬೇಕೆಂಬುದನ್ನು ನಿರ್ಧರಿಸುವುದು ಇದೇ. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ. ಇದು ಕೆಟ್ಟರೆ ಕಾರು ನಿಲ್ಲುವುದಿಲ್ಲ, ಎಲ್ಲಿ ಬೇಕೋ ಅಲ್ಲಿಗೆ ಹೋಗುತ್ತದೆ.

ಇನ್ನು ಚರಿತ್ರೆ. ಸ್ಪೋರ್ಟ್ಸ್ ಕಾರು ಎಂದರೆ ಶ್ರೀಮಂತರಿಗಾಗಿ ಅಡಿಯಿಂದ ಮುಡಿಯವರೆಗೆ ಪ್ರತ್ಯೇಕವಾಗಿ ತಯಾರಾದ ವಸ್ತು ಎಂಬ ಕಲ್ಪನೆ ನಮ್ಮಲ್ಲಿದೆ. ಓದುತ್ತ ಹೋದಂತೆ ಈ ಕಲ್ಪನೆ ಅಷ್ಟಾಗಿ ನಿಲ್ಲಲಿಲ್ಲ. ಇಂಗ್ಲೆಂಡಿನ ಕಾಲಿನ್ ಚಾಪ್ಮನ್ ೧೯೫೭ರಲ್ಲಿ ತಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಸಾಮಾನ್ಯ ಸಂಸಾರಸ್ಥರ ಕಾರುಗಳ ಭಾಗಗಳಿಂದ ಕಟ್ಟಿದ್ದು. ೧೯೬೦ರಲ್ಲಿ ಬಂದ ಅದರ ಎರಡನೆಯ ಮಾದರಿಗೆ ಹಾಕಿದ್ದು ಸ್ಟ್ಯಾಂಡರ್ಡ್ ಕಂಪನಿಯ ಸಣ್ಣ ಕಾರಿನ ಹಿಂದಿನ ಆಕ್ಸಲ್ಲು. ಬಿಡಿಭಾಗಗಳ ಪೆಟ್ಟಿಗೆಯಾಗಿ ಕೊಂಡರೆ ಆಗ ಅಲ್ಲಿ ತೆರಿಗೆ ಇರಲಿಲ್ಲ. ಆದರೆ ಪೆಟ್ಟಿಗೆಯ ಜೊತೆ ಜೋಡಣೆಯ ಸೂಚನೆ ಕೊಡಕೂಡದೆಂಬ ನಿಯಮವಿತ್ತಂತೆ. ಚಾಪ್ಮನ್ ಕಳಚುವ ಸೂಚನೆಯನ್ನು ಬರೆದು ಕೊಟ್ಟು, ಕೊಂಡವರು ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಳ್ಳಲಿ ಎಂದುಬಿಟ್ಟನೆಂಬ ಕಥೆಯಿದೆ. ಪಾಠ ಹೇಳಿದವನಾಗಿ ನನಗೆ ಈ ಕಥೆ ಬಹಳ ಇಷ್ಟ.

ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ ೧೯೫೯ರಲ್ಲಿ ಬಂತು. ಅದರ ಮುಂದೊಂದು, ಹಿಂದೊಂದು ಸಬ್‌ಫ್ರೇಮ್. ಎರಡನ್ನೂ ಬಿಚ್ಚಿ ತೆಗೆದರೆ ಚಕ್ರ ಸಮೇತ ಕೈಗೆ ಬರುತ್ತವೆ. ಹೀಗಾಗಿ ಮಿನಿಯ ಭಾಗಗಳನ್ನಿಟ್ಟು ಮೇಲೊಂದು ಫೈಬರಿನ ಒಡಲು ಕೂರಿಸಿ ಸ್ಪೋರ್ಟ್ಸ್ ಕಾರು ಮಾಡುವ ಚಾಳಿ ಬ್ರಿಟನ್ನಿನಲ್ಲಿ ಹಬ್ಬಿತು. ಅಂಥದೊಂದು ಮಿನಿ ಮಾರ್ಕೋಸ್. ೧೯೬೬ರ ಲೆ ಮಾನ್ಸ್ ಇಪ್ಪತ್ನಾಲ್ಕು ಗಂಟೆಗಳ ಸ್ಪರ್ಧೆಯಲ್ಲಿ ಓಟ ಮುಗಿಸಿದ ಏಕೈಕ ಬ್ರಿಟಿಷ್ ಕಾರು ಅದೇ, ಹದಿನೈದನೆಯ ಸ್ಥಾನದಲ್ಲಿ. ಸಂಸಾರಸ್ಥರ ಕಾರಿನ ಅಡಿಭಾಗ ಇಷ್ಟು ದೂರ ಬಂದದ್ದು ಸಣ್ಣ ಸಾಧನೆಯಲ್ಲ.

ಅದೇ ಮಿನಿ ಇನ್ನೊಂದು ಪಾಠವನ್ನೂ ಕಲಿಸಿತು. ಚಳಿಗಾಲದಲ್ಲಿ ಅಲ್ಲಿಯ ರಸ್ತೆಗಳ ಮೇಲೆ ಹಿಮ ಕರಗಲೆಂದು ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಹಿಂದಿನ ಸಬ್‌ಫ್ರೇಮಿನ ಟೊಳ್ಳುಗಳಲ್ಲಿ ಸೇರಿ ಒಳಗಿನಿಂದ ತಿನ್ನುತ್ತಿತ್ತು. ಹೊರಗೆ ಕಪ್ಪು ಬಣ್ಣ ಮಿರುಗುತ್ತಿದ್ದರೂ ಒಳಗೆ ಹಪ್ಪಳ. ೧೯೬೦ರಲ್ಲಿ ಆರಂಭವಾದ ಅಲ್ಲಿಯ ಕಡ್ಡಾಯ ತಪಾಸಣೆಯಲ್ಲಿ ಎಷ್ಟೋ ಮಿನಿಗಳು ಈ ಒಂದು ಕಾರಣಕ್ಕೇ ನಪಾಸಾದವು. ಹೊಸದು ಕೊಳ್ಳಲಾರದವರು ಗುಜರಿಯ ಮಿನಿಯದನ್ನು ತಂದು ಹಾಕಿದರೆ ಅದೂ ಅದೇ ಉಪ್ಪನ್ನು ಉಂಡದ್ದಾಗಿರುತ್ತಿತ್ತು. ರೋಗಿಗೆ ರೋಗಿಯ ಅಂಗವನ್ನೇ ಕಸಿ ಮಾಡಿದಂತೆ.

ಜಾಗ್ವಾರ್ ಕಥೆ ಬೇರೆ ಬಗೆಯದು. ೧೯೬೧ರಲ್ಲಿ ಬಂದ ಇ-ಟೈಪ್ ಸ್ಪೋರ್ಟ್ಸ್ ಕಾರಿಗೆ ಬಾಬ್ ನೈಟ್ ಎಂಬ ಎಂಜಿನಿಯರ್ ಹಿಂಬದಿಯ ಒಂದು ಉಕ್ಕಿನ ಪಂಜರವನ್ನು ರೂಪಿಸಿದ. ಡಿಫರೆನ್ಷಿಯಲ್, ಅದರ ಮಗ್ಗುಲಿಗೇ ಬ್ರೇಕಿನ ತಟ್ಟೆಗಳು, ನಾಲ್ಕು ಸುರುಳಿ ಸ್ಪ್ರಿಂಗುಗಳು, ಎಲ್ಲ ಆ ಪಂಜರದೊಳಗೆ. ರಬ್ಬರಿನ ಆಧಾರಗಳನ್ನು ಬಿಚ್ಚಿದರೆ ಇಡೀ ಪಂಜರ ಕೆಳಗಿಳಿಯುತ್ತದೆ. ಇದೇ ಏರ್ಪಾಟನ್ನು ಕಂಪನಿ ತನ್ನ ದೊಡ್ಡ ಕಾರುಗಳಿಗೂ, ೧೯೬೮ರ ಎಕ್ಸ್‌ಜೆ೬ಗೂ ಕೊಟ್ಟಿತು. ಮುಂದೆ ಆ ದೊಡ್ಡ ಕಾರುಗಳು ಮುದಿಯಾಗಿ ಗುಜರಿ ಸೇರಿದಾಗ ಅವುಗಳ ಪಂಜರಗಳು ಅಗ್ಗಕ್ಕೆ ಸಿಗತೊಡಗಿದವು. ಮನೆಯ ಷೆಡ್ಡಿನಲ್ಲಿ ಕಾರು ಕಟ್ಟುವ ಹವ್ಯಾಸಿಗಳು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಅವನ್ನು ಮುಗಿಬಿದ್ದು ಕೊಂಡರು. ಆದರೆ ಎಕ್ಸ್‌ಜೆ೬ರ ಪಂಜರವನ್ನು ಮೊದಲ ಇ-ಟೈಪಿಗೆ ಹಾಗೆಯೇ ತಂದು ತೂರಿಸುವಂತಿಲ್ಲ. ತಾಯಿ ಒಬ್ಬಳೇ ಆದರೂ ಅಗಲ ಬೇರೆ. ಅಗ್ಗವೆಂದು ತಂದು, ಆಮೇಲೆ ಕೊಯ್ದು ಬೆಸೆದು ಕಿರಿದು ಮಾಡಲು ಹೊರಟವರು ಉಳಿಸಿದ ಹಣಕ್ಕಿಂತ ಹೆಚ್ಚು ಸುರಿಯಬೇಕಾಗುತ್ತಿತ್ತು.

ನಮ್ಮ ದೇಶದಲ್ಲಿ ಈ ಕೆಲಸ ಹವ್ಯಾಸವಾಗಿ ಆರಂಭವಾಗಲಿಲ್ಲ, ಗತಿಯಿಲ್ಲದೆ ಆರಂಭವಾಯಿತು. ೧೯೫೩ರಲ್ಲಿ ಟ್ಯಾರಿಫ್ ಕಮಿಷನ್ ಕೊಟ್ಟ ವರದಿಯ ಮೇರೆಗೆ, ಇಲ್ಲಿಯೇ ಹಂತಹಂತವಾಗಿ ಕಾರು ತಯಾರಿಸುವ ಯೋಜನೆಯಿಲ್ಲದ ವಿದೇಶಿ ಕಂಪನಿಗಳಿಗೆ ಬಾಗಿಲು ಮುಚ್ಚಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಹೊರಟುಹೋದವು. ಅಷ್ಟರಲ್ಲಿ ಇಲ್ಲಿಗೆ ಬಂದಿದ್ದ ಎಂಜಿ, ಟ್ರಯಂಫ್, ಜಾಗ್ವಾರ್‌ಗಳು ಅನಾಥವಾದವು. ಹೊಸ ಭಾಗವನ್ನು ತರಿಸಲು ಪರವಾನಗಿ ಬೇಕು, ವಿದೇಶಿ ವಿನಿಮಯ ಬೇಕು. ಆಗ ಯಜಮಾನರೂ ಮೇಸ್ತ್ರಿಗಳೂ ಮಾಡಿದ್ದು ಬಂಧುತ್ವವನ್ನು ಹುಡುಕುವ ಕೆಲಸ. ನಮ್ಮ ಹಳ್ಳಿಗಳಲ್ಲಿ ಹೆಣ್ಣು ಕೇಳಲು ಹೋದವರು ಮೂರು ತಲೆಮಾರು ಹಿಂದಕ್ಕೆ ಹೋಗಿ ನೆಂಟಸ್ತನ ಕಂಡುಹಿಡಿಯುವುದಿಲ್ಲವೆ, ಹಾಗೆ. ೧೯೫೫ರ ಎಂಜಿಎ ಸ್ಪೋರ್ಟ್ಸ್ ಕಾರಿನ ೧೪೮೯ ಸಿಸಿ ಎಂಜಿನ್ನೂ ನಮ್ಮ ಅಂಬಾಸಿಡರಿಗೆ ಆಮೇಲೆ ಬಂದ ೧೪೮೯ ಸಿಸಿ ಎಂಜಿನ್ನೂ ಒಂದೇ ಮನೆತನದವು. ೧೯೬೧ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲದಲ್ಲಿ ಟ್ರಯಂಫ್ ಹೆರಾಲ್ಡ್. ಅದೇ ಹೆರಾಲ್ಡಿನ ಚಾಸಿಸ್ಸನ್ನು ಮೊಟಕುಗೊಳಿಸಿ ಇಂಗ್ಲೆಂಡಿನಲ್ಲಿ ೧೯೬೨ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಮಾಡಿದ್ದು. ಎರಡರ ಹಿಂಬದಿಯೂ ಅಡ್ಡ ಕಮಾನು ಪಟ್ಟಿಯ, ಎಡಬಲದ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಒಂದೇ ಬಗೆಯ ಏರ್ಪಾಟು. ಹೆರಾಲ್ಡ್ ಓಡುತ್ತಿರುವ ಊರಿನಲ್ಲಿ ಸ್ಪಿಟ್‌ಫೈರಿಗೆ ಪೂರ್ತಿ ಅನಾಥ ಸ್ಥಿತಿ ಇರಲಾರದು.

ಆ ಹಿಂಬದಿಗೆ ಒಂದು ದುರ್ಗುಣವಿತ್ತು. ವೇಗವಾಗಿ ತಿರುವಿನಲ್ಲಿ ಹೋಗುವಾಗ ಹಠಾತ್ತನೆ ಕಾಲೆತ್ತಿದರೆ ಹಿಂದಿನ ಚಕ್ರ ಒಳಕ್ಕೆ ಮಡಿಚಿಕೊಂಡು ಕಾರು ಎಗರುತ್ತಿತ್ತು. ಮದರಾಸಿನ ಕಂಪನಿ ೧೯೭೨ರಲ್ಲಿ ಹೆರಾಲ್ಡಿನ ಬದಲು ಗಜೆಲ್ ಎಂಬ ಕಾರನ್ನು ತಂದಾಗ ಆ ಏರ್ಪಾಟನ್ನೇ ಕೈಬಿಟ್ಟು ಸಾದಾ ಗಟ್ಟಿ ಆಕ್ಸಲ್ಲನ್ನು ಹಾಕಿತು. ನಮ್ಮ ಮೇಸ್ತ್ರಿಗಳಿಗೆ ಹಳೆಯದು ಒಗ್ಗಲಿಲ್ಲ ಎಂಬುದೂ ಒಂದು ಕಾರಣವೆನ್ನುತ್ತಾರೆ. ನನಗೇನೋ ನಮ್ಮ ರಸ್ತೆಗಳಿಗೆ ಒಗ್ಗಲಿಲ್ಲ ಎನ್ನುವುದೇ ಹೆಚ್ಚು ಸರಿಯೆನಿಸುತ್ತದೆ.

ಹಳೆಯ ಭಾಗಗಳ ಪೇಟೆಗಳು ಈ ಕೊರತೆಯ ಕಾಲದಲ್ಲಿ ಕೊಬ್ಬಿದವು. ದೆಹಲಿಗೆ ಮಾಯಾಪುರಿ, ಕಲಕತ್ತೆಗೆ ಮಲ್ಲಿಕ್ ಬಜಾರ್, ಮದರಾಸಿಗೆ ಪುದುಪೇಟೆ. ಬೆಂಗಳೂರಿನಲ್ಲಿ ಹೊಸ ಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ. ನಮ್ಮ ಕೋಲಾರ ಸೀಮೆಯ ಮೇಸ್ತ್ರಿಗಳ ಭಾಗ್ಯವೆಂದರೆ ಎರಡು ಪೇಟೆಗಳ ನಡುವಿನ ರಸ್ತೆಯ ಮೇಲೇ ಇದ್ದದ್ದು. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು ದಾಟಿ ಮದರಾಸಿಗೆ ಹೋಗುವ ಲಾರಿಯವನಿಗೆ ಚೀಟಿ ಬರೆದುಕೊಟ್ಟರೆ ಪುದುಪೇಟೆಯ ಸಾಮಾನು ಮನೆಬಾಗಿಲಿಗೆ ಬರುತ್ತಿತ್ತು. ಆ ವ್ಯವಹಾರದಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕೂ ಒಂದೇ ವಾಕ್ಯದಲ್ಲಿ ಬರುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಹಳಬರು ಇನ್ನೊಂದು ಮಾತು ಸೇರಿಸುತ್ತಿದ್ದರು: ಸಮುದ್ರದ ಗಾಳಿ ಕುಡಿದ ಕಬ್ಬಿಣವಾದರೆ ಒಳಗೆ ಚಾಕು ಹಾಕಿ ಕೆರೆದು ನೋಡಬೇಕು. ಮಿನಿಯ ಉಪ್ಪಿನ ಕಥೆ ಓದಿದಾಗ ನನಗೆ ನೆನಪಾದದ್ದು ಈ ಮಾತು.

ಇನ್ನು ನಮ್ಮವರೇ ಮಾಡಿದ ಕಾರುಗಳಿವೆ. ಬೆಂಗಳೂರಿನ ಸಿಪಾನಿ ಕಂಪನಿ ೧೯೮೨ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ ಡಾಲ್ಫಿನ್ ಎಂಬ ಎರಡು ಬಾಗಿಲಿನ ಫೈಬರ್ ಕಾರನ್ನು ತಂದಿತು. ಎಂಜಿನ್ ೮೪೮ ಸಿಸಿ. ಕುಟುಂಬಗಳು ಅದನ್ನು ಹೆಚ್ಚು ಮೆಚ್ಚಲಿಲ್ಲ. ಆದರೆ ಹಗುರವಾಗಿದ್ದ ಕಾರಣ ರ‍್ಯಾಲಿ ಓಡಿಸುವವರು ಅದನ್ನು ಪ್ರೀತಿಸಿದರು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆ ಡಾಲ್ಫಿನ್ನಿನ ದಿನಗಳು ಎಣಿಕೆಗೆ ಬಂದವು. ಕೊಯಮತ್ತೂರಿನ ಎಸ್. ಕರಿವರ್ಧನ್ ಆ ಮಾರುತಿಯ ಎಂಜಿನ್ನನ್ನೇ ಚಾಲಕನ ಬೆನ್ನ ಹಿಂದೆ ಕೂರಿಸಿ ‘ಫಾರ್ಮುಲಾ ಮಾರುತಿ’ ಎಂಬ ಒಂಟಿ ಆಸನದ ರೇಸು ಕಾರುಗಳನ್ನು ಕಟ್ಟಿದರು. ೨೦೦೫ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಮೊದಲು ಸ್ಪರ್ಧಿಸಿದ್ದು ಅಂಥ ಕಾರಿನಲ್ಲಿ. ಅಗ್ಗದ ಭಾಗದಿಂದ ದೊಡ್ಡ ಓಟ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಕಡೆಯ ಸಾಕ್ಷಿ ಇದು. ೧೯೯೦ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಂಸ್ಥೆಯ ಬಳಗದಿಂದ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಬಾಗಿಲಿನ, ಮೇಲ್ಛಾವಣಿ ತೆರೆಯುವ ಸ್ಪೋರ್ಟ್ಸ್ ಕಾರೂ ಬಂತು. ಅದರ ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯದು. ತಯಾರಿಕೆ ನಿಂತುಹೋಗಿ ವರ್ಷಗಳಾದವು. ಇಂಥ ಕಾರನ್ನು ಉಳಿಸಿಕೊಂಡವರಿಗೆ ಅಂಗಡಿಯಲ್ಲಿ ಕೇಳಿ ಕೊಳ್ಳುವ ಹೊಸ ಭಾಗ ಎಂಬ ಮಾತೇ ಇಲ್ಲ.

ಈಗ ನನ್ನ ವಿದ್ಯಾರ್ಥಿಯ ಪ್ರಸಂಗ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಎರಡು ಸಲ ಕುಳಿತು ಪಾಸಾದವನು. ಊರು ಬಿಟ್ಟು ಗ್ಯಾರೇಜಿನಲ್ಲಿ ಪಾನಾ ತೊಳೆಯುವ ಹುಡುಗನಾಗಿ ಸೇರಿ, ಈಗ ನಾಲ್ಕು ಜನಕ್ಕೆ ಅನ್ನ ಕೊಡುತ್ತಾನೆ. ಅವನಲ್ಲಿಗೆ ಇಪ್ಪತ್ತು ವರ್ಷ ಹಳೆಯ, ಎರಡು ಆಸನದ, ವಿದೇಶಿ ಸ್ಪೋರ್ಟ್ಸ್ ಕಾರೊಂದು ಬಂತು. (ಯಾವ ಕಂಪನಿಯದೆಂಬುದು ಇಲ್ಲಿ ಬೇಡ.) ಹಿಂದಿನ ಚಕ್ರ ಹಳ್ಳಕ್ಕೆ ಬಿದ್ದು ಸಬ್‌ಫ್ರೇಮ್ ಬಾಗಿತ್ತು. ಹೊಸದನ್ನು ಹೊರದೇಶದಿಂದ ತರಿಸಿದರೆ ಸುಂಕ ಸೇರಿ ೨ ಲಕ್ಷಕ್ಕೆ ಮೇಲೆ. ಕಾರಿನ ಯಜಮಾನ ತಾನೇ ಎಲ್ಲಿಯೋ ಹುಡುಕಿ ೩೫ ಸಾವಿರಕ್ಕೆ ಹಳೆಯದೊಂದನ್ನು ತಂದು, ‘ಹಾಕಿಬಿಡಿ’ ಎಂದು ಇಳಿಸಿ ಹೋದ. ಹಾಕಿದ್ದಾಯಿತು. ಕಾರು ನೇರ ಹೋಗದು. ಚಕ್ರಗಳ ಅಲೈನ್‌ಮೆಂಟ್ ಎಷ್ಟು ತಿರುಗಿಸಿದರೂ ಕೂರದು. ಆ ರಾತ್ರಿ ನನಗೆ ಫೋನು ಮಾಡಿದ. ಕಾರಿನ ಜ್ಞಾನ ನನಗಿದೆಯೆಂದಲ್ಲ, ಕಷ್ಟ ಬಂದಾಗ ಮಾತಾಡಬೇಕೆನಿಸುತ್ತದೆಯಲ್ಲ, ಅದಕ್ಕೆ.

‘ಅಗಲ ಸರಿ ಐತೆ ಮೇಷ್ಟ್ರೇ, ಉದ್ದ ಸರಿ ಐತೆ. ಬೋಲ್ಟು ಮಾತ್ರ ಸ್ವಲ್ಪ ಬಿಗಿಯಾಗಿ ಹೋಯ್ತು.’

‘ಕರ್ಣ ಅಳೆದೆಯೇನಪ್ಪಾ?’

‘ಮಹಾಭಾರತದ ಕರ್ಣನಾ ಸಾರ್?’

ಎಂಟನೆಯ ತರಗತಿಯಲ್ಲಿಯೂ ಅವನು ಇದೇ ಪ್ರಶ್ನೆ ಕೇಳಿ ಇಡೀ ತರಗತಿಯನ್ನು ನಗಿಸಿದ್ದ. ನಾನು ಬಿಡಿಸಿ ಹೇಳಿದೆ. ನಾಲ್ಕು ಬೋಲ್ಟಿನ ತೂತುಗಳನ್ನು ನಾಲ್ಕು ಮೂಲೆಗಳೆಂದು ಇಟ್ಟುಕೋ. ಮುಂದಿನ ಅಗಲಕ್ಕೂ ಹಿಂದಿನ ಅಗಲಕ್ಕೂ ವ್ಯತ್ಯಾಸವಿದ್ದರೆ ಅದು ಆಯತವಲ್ಲ, ಸಮದ್ವಿಬಾಹು ತ್ರಾಪಿಜ್ಯ. ಅದಕ್ಕೂ ಎರಡು ಕರ್ಣಗಳು ಸಮ. ಬಾಹುಗಳನ್ನು ಮಾತ್ರ ಅಳೆದರೆ ಓರೆಯಾದ ಚೌಕಟ್ಟೂ ನೆಟ್ಟಗಿದೆಯೆಂದು ತೋರುತ್ತದೆ. ಓರೆ ಹಿಡಿಯುವುದು ಕರ್ಣದಲ್ಲಿ. ಬಾಗಿಲ ಚೌಕಟ್ಟು ಕೂಡಿಸುವ ನಮ್ಮೂರ ಬಡಗಿಗಳು ಹುರಿ ಹಿಡಿದು ಮೂಲೆಯಿಂದ ಮೂಲೆಗೆ ನೋಡುವುದು ಇದನ್ನೇ.

ಮರುದಿನ ಅವನು ಅದನ್ನು ಕೆಳಗಿಳಿಸಿ, ಸಮತಟ್ಟಾದ ಕಬ್ಬಿಣದ ಹಲಗೆಯ ಮೇಲಿಟ್ಟು ಅಳೆದ. ಎರಡು ಕರ್ಣಗಳ ನಡುವೆ ೯ ಮಿಲಿಮೀಟರ್ ವ್ಯತ್ಯಾಸ. ಬಣ್ಣ ಕೆರೆದಾಗ ಒಂದು ಬುಶ್ಶಿನ ಬುಡದಲ್ಲಿ ಹಳೆಯ ಬಿರುಕು, ಅದರ ಮೇಲೆ ವೆಲ್ಡಿಂಗ್, ಅದರ ಮೇಲೆ ದಪ್ಪ ಕಪ್ಪು ಬಣ್ಣ. ಯಾವುದೋ ಕಾರು ಹಿಂದಿನಿಂದ ಗುದ್ದಿಸಿಕೊಂಡು ಸತ್ತಿತ್ತು. ಅದರ ಗಾಯ ಇದಕ್ಕೆ ಬಂದಿತ್ತು.

ಯಜಮಾನ ಒಪ್ಪಲಿಲ್ಲ. ಟಿಂಕರ್ ಹತ್ತಿರ ಕಾಯಿಸಿ ಎಳೆಸು, ಆಗುತ್ತದೆ ಎಂದ. ಆಗುತ್ತದೆ, ನೋಡುವುದಕ್ಕೆ. ಒತ್ತಿ ಮಾಡಿದ ಉಕ್ಕನ್ನು ಕೆಂಪಗೆ ಕಾಯಿಸಿ ಎಳೆದರೆ ಅದರ ಮೊದಲಿನ ಬಲ ಉಳಿಯುವ ಭರವಸೆಯಿಲ್ಲ. ಹುಡುಗ ಆಗುವುದಿಲ್ಲವೆಂದ. ಮಾತು ಬೆಳೆಯಿತು. ಇಳಿಸಿ ಏರಿಸಿದ ಕೂಲಿ ಸಿಗಲಿಲ್ಲ, ಇದ್ದ ಒಂದೇ ಲಿಫ್ಟಿನ ಮೇಲೆ ಕಾರು ಹತ್ತು ದಿನ ಕುಳಿತಿತು, ಬೇರೆ ಕೆಲಸ ಹಿಂದೆ ಬಿತ್ತು. ನನ್ನಲ್ಲಿ ಅವನು ಹೇಳಿಕೊಂಡ ಕಾರಣ ಇದು: ಆ ಯಜಮಾನರು ಭಾನುವಾರ ಬೆಳಗಿನ ಜಾವ ಗೆಳೆಯರ ಜೊತೆ ಕೋಲಾರದ ಹೆದ್ದಾರಿಯಲ್ಲಿಯೇ ಕಾರು ಬಿಡುವುದು. ಆ ಹೊತ್ತಿನಲ್ಲಿ ನಮ್ಮ ಜನ ಹಾಲಿನ ಕ್ಯಾನು ಹಿಡಿದು ಡೈರಿಗೆ ರಸ್ತೆ ದಾಟುತ್ತಿರುತ್ತಾರೆ. ‘ಅವರಿಗೇನಾದ್ರೂ ಆದ್ರೆ ಇನ್ಶೂರೆನ್ಸ್ ಐತೆ ಸಾರ್, ನಮ್ಮಮ್ಮನಿಗೆ ಏನೈತೆ?’ ಅವನ ತಾಯಿ ಈಗಲೂ ಎರಡು ಹಸು ಕಟ್ಟಿದ್ದಾಳೆ.

ಕೊನೆಗೆ ಇನ್ನೊಂದು ಹಳೆಯದೇ ಸಿಕ್ಕಿತು. ಮುಂಭಾಗ ಜಜ್ಜಿಹೋಗಿದ್ದ ಕಾರಿನದು, ಹಿಂಬದಿಗೆ ಪೆಟ್ಟಿಲ್ಲ. ಕರ್ಣಗಳು ಒಂದು ಮಿಲಿಮೀಟರಿನೊಳಗೆ ಕೂಡಿದವು. ಬುಶ್ಶುಗಳನ್ನೂ ಬೋಲ್ಟುಗಳನ್ನೂ ಹೊಸದಾಗಿ ಹಾಕಿದ. ಅವೆರಡನ್ನು ಹಳೆಯದು ಕೊಳ್ಳುವುದು ಉಳಿತಾಯವಲ್ಲ ಎಂಬುದು ಅವನ ಮತ. ಏರಿಸುವ ಮುನ್ನ ಕಾರಿನ ನೆಲದ ತಗಡನ್ನೂ ಪರೀಕ್ಷಿಸಿದ. ಬಿಎಂಡಬ್ಲ್ಯು ೧೯೯೮ರಲ್ಲಿ ತಂದ ‘ಇ೪೬’ ಕಾರುಗಳಲ್ಲಿ ಚೌಕಟ್ಟು ಗಟ್ಟಿಯಿದ್ದು ಅದನ್ನು ಬಿಗಿದ ನೆಲದ ತಗಡೇ ಬಿರಿಯುವುದು ಲೋಕಪ್ರಸಿದ್ಧ. ಅಲ್ಲಿ ಚೌಕಟ್ಟು ಬದಲಿಸಿ ಫಲವಿಲ್ಲ. ಈ ಕಾರಿನ ನೆಲ ಗಟ್ಟಿಯಾಗಿತ್ತು. ಎಲ್ಲ ಸೇರಿ ೮೦ ಸಾವಿರದ ಹತ್ತಿರ ಬಂತು. ಯಜಮಾನ ಗೊಣಗುತ್ತ ಕೊಟ್ಟ. ಮತ್ತೆ ಬಂದಿಲ್ಲವಂತೆ.

ಎರಡನೆಯದನ್ನು ಕೊಳ್ಳುವಾಗ ಅವನು ರಸೀದಿಯನ್ನೂ, ಕಳಚಿದ ಕಾರಿನ ನೋಂದಣಿ ಕಾಗದದ ನಕಲನ್ನೂ ಕೇಳಿ ಪಡೆದಿದ್ದ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಹಿಂದಿನ ದಂಡ ಸಂಹಿತೆಯ ೪೧೧ನೆಯ ಕಲಮಿನಲ್ಲಿ ಅಪರಾಧವಾಗಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ೩೧೭ನೆಯದು. ೨೦೨೧ರ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಗಳು ವಾಹನವನ್ನು ಒಡೆಯುವ ಮುನ್ನ ಕಳವಿನ ದಾಖಲೆಗಳೊಂದಿಗೆ ತಾಳೆ ನೋಡಬೇಕು. ಹಳೆಯ ಪೇಟೆಗಳಲ್ಲಿ ಈ ಪದ್ಧತಿ ಬೇರೂರಲು ಕಾಲ ಹಿಡಿಯುತ್ತದೆ.

ಆ ಮೊದಲಿನ, ಬಾಗಿದ ಚೌಕಟ್ಟು ಏನಾಯಿತೆಂದು ಕೇಳಿದೆ. ಯಜಮಾನ ಅದನ್ನು ಅಲ್ಲಿಯೇ ಬಿಟ್ಟುಹೋಗಿದ್ದ. ಹಾಗೆಯೇ ಮಾರಿದ್ದರೆ ಐದಾರು ಸಾವಿರ ಬರುತ್ತಿತ್ತು, ಕಳೆದುಕೊಂಡ ಕೂಲಿಗೆ ಸ್ವಲ್ಪವಾದರೂ ಆಗುತ್ತಿತ್ತು. ಅವನು ಗ್ಯಾಸ್ ಕಟರಿನಿಂದ ಅದನ್ನು ನಡುವೆ ಎರಡು ತುಂಡು ಮಾಡಿ, ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದನಂತೆ.